ಸಾವಿಲ್ಲದ ಮುಖವಾಡ

ಕೊಲೆಗಾರನ ಮುಖವಾಡಕ್ಕೆ ಸಾವಿಲ್ಲ ಎಂದು ಆ ಸಿನಿಮಾ ಕಂಪನಿಯ ಸಾಮಾನು ಕೋಣೆಯಲ್ಲಿ ಎಲ್ಲರೂ ನಂಬಿದ್ದರು. ಸಿನಿಮಾದ ಪ್ರತಿ ಭಾಗದ ಕೊನೆಗೂ ಅದು ಸಾಯುತ್ತಿತ್ತು, ಮುಂದಿನ ಭಾಗಕ್ಕೆ ಸರಿಯಾಗಿ ಎದ್ದು ಬರುತ್ತಿತ್ತು. ಮುಖವಾಡವಂತೂ ಗೋಡೆಯ ಮೇಲಿನ ನಾಲ್ಕೂ ಪೋಸ್ಟರುಗಳಲ್ಲಿ ತನ್ನ ಮುಖ ನೋಡಿಕೊಂಡು ಇದನ್ನು ಖಚಿತಪಡಿಸಿಕೊಂಡಿತ್ತು.

ಐದನೆಯ ಭಾಗದ ಕೊನೆಯ ದೃಶ್ಯಕ್ಕೆಂದು ಅದನ್ನು ಹುಲ್ಲಿನ ಬೊಂಬೆಗೆ ಕಟ್ಟಿ ಬೆಂಕಿಯ ಬಳಿ ನಿಲ್ಲಿಸಿದರು. ಮೊದಲ ಭಾಗದಿಂದಲೂ ಕೊಲೆ ಮಾಡುತ್ತ ಬಂದಿದ್ದ ರಬ್ಬರ್ ಚಾಕು ಪಕ್ಕದ ಮೇಜಿನಿಂದ ಕೇಳಿತು: “ಅಣ್ಣಾ, ಬೆಂಕಿ ನಿಜವಾದದ್ದು. ನಿಮಗೆ ಹೆದರಿಕೆಯಿಲ್ಲವೇ?”

“ಎರಡನೆಯ ಭಾಗದಲ್ಲೂ ಸುಟ್ಟಿದ್ದರಲ್ಲ ತಮ್ಮಾ, ನನಗೇನಾಯಿತು?” ಎಂದಿತು ಮುಖವಾಡ.

“ಆಗ ನಿಮ್ಮ ಎಡಗಣ್ಣು ಸೊಟ್ಟಗಿತ್ತು.”

“ಬೆಂಕಿಗೆ ಬಿದ್ದು ನೆಟ್ಟಗಾಯಿತು. ನೀನೂ ಒಮ್ಮೆ ಬಿದ್ದಿದ್ದರೆ ಇಷ್ಟರಲ್ಲಿ ಹರಿತವಾಗಿರುತ್ತಿದ್ದೆ.”

ನಿರ್ದೇಶಕರು ಕೈಯೆತ್ತಿದರು. “ಆರನೆಯ ಭಾಗದಲ್ಲಿ ಸಿಗೋಣ” ಎಂದು ಹೇಳಿ ಮುಖವಾಡ ನಗುಮುಖದಿಂದಲೇ ಬೆಂಕಿಗೆ ಬಿತ್ತು.

ಅದನ್ನು ಅಚ್ಚಿನಿಂದ ತೆಗೆದು ಬಣ್ಣ ಬಳಿದದ್ದು ಹಿಂದಿನ ಮಂಗಳವಾರ.