ಷೋಕೇಸಿನ ಮದುವೆ ಸಿ.ಡಿ.

ವಾರಿಜಮ್ಮನ ಮಗಳ ಮದುವೆಯ ವಿಡಿಯೋಗೆ ಒಂದೇ ತರಹದ ಎರಡು ಸಿ.ಡಿ. ಪ್ರತಿಗಳಿದ್ದವು. ಒಂದು ಬೀರುವಿನಲ್ಲಿ, ರೇಷ್ಮೆ ಸೀರೆಗಳ ನಡುವೆ ಮಲಗಿತ್ತು. ಇನ್ನೊಂದು, ಬಂದವರಿಗೆಲ್ಲ ಕಾಣಲಿ ಎಂದು, ಕಿಟಕಿ ಪಕ್ಕದ ಷೋಕೇಸಿನಲ್ಲಿ ಬೊಂಬೆಗಳ ಜೊತೆ ಬಿಸಿಲು ಕಾಯಿಸುತ್ತಾ ಕೂತಿತ್ತು.

“ಕತ್ತಲಲ್ಲಿ ಹೇಗಿದ್ದೀಯಪ್ಪ? ನನ್ನನ್ನು ನೋಡಲು ದಿನಾ ಸೂರ್ಯನೇ ಬರುತ್ತಾನೆ!” ಎಂದು ಷೋಕೇಸಿನದು ಜಂಬ ಕೊಚ್ಚಿತು.

“ಬಣ್ಣ ಹೋಗುತ್ತದೆಂದು ಈ ಸೀರೆಗಳನ್ನೇ ನೆರಳಲ್ಲಿ ಒಣಗಿಸುತ್ತಾರೆ. ಹುಷಾರು ಮಾರಾಯ,” ಎಂದಿತು ಬೀರುವಿನದು.

ಕೆಲವು ವರ್ಷಗಳ ಮೇಲೆ ಬೀಗರು ಬಂದರು. ವಾರಿಜಮ್ಮ ಷೋಕೇಸಿನ ಸಿ.ಡಿ.ಯನ್ನೇ ಪ್ಲೇಯರಿಗೆ ಹಾಕಿದರು.

“ಏನು ತಂದಿದ್ದೀಯ?” ಎಂದಿತು ಪ್ಲೇಯರ್.

“ಮದುವೆ!”

“ಯಾರದು?”

“ಅದು… ಓಲಗ ಊದಿದರು. ಆಮೇಲೆ ಬರೀ ಬಿಸಿಲು.”

ಪ್ಲೇಯರ್ ಅದನ್ನು ಹೊರದಬ್ಬಿತು. ಬೀರುವಿನ ಸಿ.ಡಿ. ಬಂದು, ಬೀಗಿತ್ತಿ ಸೆರಗಿನಲ್ಲಿ ಹೋಳಿಗೆ ಕಟ್ಟಿಕೊಂಡಿದ್ದನ್ನೂ ಬಿಡದೆ ತೋರಿಸಿತು.

ಕೆಟ್ಟ ಸಿ.ಡಿ.ಯನ್ನು ವಾರಿಜಮ್ಮ ಪಾರಿವಾಳ ಬೆದರಿಸಲೆಂದು ಬಾಲ್ಕನಿಯಲ್ಲಿ ದಾರ ಕಟ್ಟಿ ನೇತುಹಾಕಿದರು. ಪಾರಿವಾಳ ಬೆದರಲಿಲ್ಲ. ಹತ್ತಿರ ಬಂದು, ಅದರಲ್ಲಿ ತನ್ನದೇ ಮುಖ ಕಂಡು, “ಇದು ಯಾರು?” ಎಂದು ಕೇಳಿತು.

ಸಿ.ಡಿ.ಗೆ ಕೊನೆಗೂ ನೆನಪಾಯಿತು.

“ಮದುಮಗಳು!” ಎಂದಿತು.