ಕೂಗು ನಿಂತ ಆಲೆಮನೆ

ಮಂಡ್ಯದ ಕಡೆ ಒಂದೂರಿನಲ್ಲಿ ಸಣ್ಣೇಗೌಡ ಅನ್ನುವವನದೊಂದು ಆಲೆಮನೆ ಇತ್ತು. ಬೆಲ್ಲ ಮಾಡುವ ಜಾಗ ಅಂದಮೇಲೆ ಗದ್ದಲ ಇಲ್ಲದೆ ಇರುತ್ತದೆಯೇ? "ಉರಿ ತಗ್ಗಿಸ್ರೋ, ಪಾಕ ತಳ ಹಿಡೀತದೆ" ಅಂತ ಒಬ್ಬ, "ಕೈ ಜೋಪಾನ ಕಣಣ್ಣೋ" ಅಂತ ಇನ್ನೊಬ್ಬ. ಯಾರು ಯಾರಿಗೆ ಬೇಕಾದರೂ ಕೂಗುತ್ತಿದ್ದರು. ಗೌಡನಿಗೋ ಅದೊಂದು ತಲೆನೋವು.

ಶಿಸ್ತು ಬೇಕೆಂದು ಅವನು ಪೇಟೆಯಿಂದ ಪದ್ಮರಾಜ ಎಂಬ ಮ್ಯಾನೇಜರನನ್ನು ಕರೆತಂದ. ಆ ಮಹಾರಾಯ ಬಂದ ದಿನವೇ ಕಟ್ಟಳೆ ಹಾಕಿದ: "ಅವರವರ ಕೆಲಸ ಅವರು ನೋಡ್ಕೊಳ್ಳಿ. ಏನಾದರೂ ಕಂಡರೆ ಮೇಸ್ತ್ರಿಗೆ ಹೇಳಿ. ಮೇಸ್ತ್ರಿ ನನಗೆ ಹೇಳ್ತಾನೆ. ಆಮೇಲೆ ನೋಡೋಣ."

ಒಲೆ ಉರಿಸುವ ದ್ಯಾವಣ್ಣ ಒಮ್ಮೆ ಅಭ್ಯಾಸಬಲದಿಂದ "ಪಾಕ ನೋಡ್ರೋ" ಎಂದು ಕೂಗಿಬಿಟ್ಟ. "ನಿನ್ನನ್ನ ಕೇಳಿದವರ್ಯಾರಯ್ಯ?" ಎಂದು ಮ್ಯಾನೇಜರ್ ಎಲ್ಲರೆದುರು ಗದರಿದ. ಗೌಡ ಅಲ್ಲೇ ಇದ್ದ, ಸುಮ್ಮನಿದ್ದ. ಅಂದಿನಿಂದ ಯಾರೂ ತುಟಿ ಬಿಚ್ಚಲಿಲ್ಲ.

"ಈಗ ನೋಡಿ, ಎಷ್ಟು ಚೆಂದ ನಡೀತಿದೆ" ಎಂದು ಗೌಡ ಬಂದವರೆದುರು ಕೊಚ್ಚಿಕೊಳ್ಳುತ್ತಿದ್ದ. ಬೆಲ್ಲ ಆಗಾಗ ಸೀದು ಕಪ್ಪಾಗುತ್ತಿತ್ತು. ಯಾಕೆಂದು ಕೇಳಿದರೆ ಒಬ್ಬ ಇನ್ನೊಬ್ಬನ ಕಡೆ ಕೈ ತೋರಿಸುತ್ತಿದ್ದ. ಆಗಲೂ ಆ ಪುಣ್ಯಾತ್ಮನಿಗೆ ಬುದ್ಧಿ ಬರಲಿಲ್ಲ.

ಒಂದು ಮಧ್ಯಾಹ್ನ ಗಾಣಕ್ಕೆ ಕಬ್ಬು ಕೊಡುತ್ತಿದ್ದ ಕಾಳಿಂಗನ ಟವೆಲ್ ಹೆಗಲಿಂದ ಜಾರಿ, ತಿರುಗುವ ಚಕ್ರಗಳ ಹತ್ತಿರ ಜೋತಾಡತೊಡಗಿತು. ಅವನಿಗೆ ಅದರ ಪರಿವೆಯೇ ಇಲ್ಲ. ಸ್ವಲ್ಪ ಹೊತ್ತಿಗೆ ಗಾಣ ಟವೆಲನ್ನು ಎಳೆದುಕೊಂಡಿತು. ಬಿಡಿಸಲು ಹೋದ ಬಲಗೈಯನ್ನೂ ಎಳೆದುಕೊಂಡಿತು.

ಗೌಡ ಓಡಿಬಂದ. "ಇಷ್ಟು ಜನ ಇದ್ದೀರಲ್ರೋ, ಒಬ್ಬರಿಗೂ ಕಾಣಲಿಲ್ವಾ?"

"ನನಗೆ ಕಾಣ್ತು ಗೌಡ್ರೆ," ಎಂದ ದ್ಯಾವಣ್ಣ. "ಮೇಸ್ತ್ರಿಗೆ ಹೇಳೋಣ ಅಂತ ಹುಡುಕ್ಕೊಂಡು ಹೋಗಿದ್ದೆ."

ಮ್ಯಾನೇಜರನನ್ನು ಅವತ್ತೇ ಓಡಿಸಿದ್ದಾಯಿತು. ಏನು ಬಂತು? ಹೋದ ಕೈ ಹೋಯಿತು. ಆಸ್ಪತ್ರೆಯಲ್ಲಿ ಕಾಳಿಂಗ ಮೊಂಡುಗೈಯನ್ನು ಎದೆಗೆ ಒತ್ತಿಕೊಂಡು ಒಂದೇ ಮಾತು ಕೇಳಿದ: "ಯಾರಾದ್ರೂ ಒಂದು ಕೂಗು ಹಾಕಬಾರದಿತ್ತಾ ಗೌಡ್ರೆ?"

ಆ ಕೂಗು ಬೇಡವೆಂದವನು ತಾನೇ ಎಂದು ಗೌಡನಿಗೆ ಗೊತ್ತಿತ್ತು. ತಲೆ ತಗ್ಗಿಸಿ ಕೂತ.

ನೀತಿ: ಕಂಡದ್ದನ್ನು ಕಂಡಕೂಡಲೇ ಹೇಳುವವರ ಬಾಯಿ ಮುಚ್ಚಿಸಿ ಅದನ್ನು ಶಿಸ್ತು ಎಂದು ತಿಳಿಯಬೇಡಿ. ಕಟ್ಟಳೆಗೆ ಹೆದರಿದ ಜನ ಹೇಳಿದ ಕೆಲಸ ಮಾಡುತ್ತಾರೆ, ಆದರೆ ಒಬ್ಬರನ್ನೊಬ್ಬರು ಕಾಯುವುದನ್ನು ಮರೆತುಬಿಡುತ್ತಾರೆ.