ಐವತ್ತೆರಡು ಕಿಲೋ ಮರಳು

ಕಡಲ ದಂಡೆಯಲ್ಲೊಂದು ಆಶ್ರಮವಿತ್ತು. ಅಲ್ಲಿ ಮಂಕಾಳಯ್ಯ ಎಂಬ ಮುದುಕರು ಹಾಯಿಬಂಡಿ ಓಡಿಸುವುದನ್ನು ಕಲಿಸುತ್ತಿದ್ದರು.

ಮೂರು ಗಾಲಿ, ಒಂದು ಕಂಬ, ಒಂದು ಹಾಯಿ. ಎತ್ತಿಲ್ಲ, ಎಂಜಿನ್ನಿಲ್ಲ. ನೀರು ಇಳಿದು ಮರಳು ಗಟ್ಟಿಯಾದಾಗ ಗಾಳಿಯೇ ಬಂಡಿಯನ್ನು ಓಡಿಸುತ್ತಿತ್ತು.

ಶಿಷ್ಯ ದೇವಿದಾಸ ಹನ್ನೊಂದು ವರ್ಷ ಹೆಂಡತಿ ಯಮುನೆಯ ಜೊತೆ ಬಂಡಿ ಓಡಿಸಿದ್ದ. ಅವನು ನಡುವೆ ಕೂತು ದಾರಿ ಹಿಡಿಸುವನು. ಅವಳು ಗಾಳಿ ಬರುವ ಬದಿಯ ಹಲಗೆಯ ಮೇಲೆ ಕೂತು, ಗಾಲಿ ಮೇಲೇಳದಂತೆ ಮೈಭಾರ ಹಾಕುವಳು. ತಿರುಗುವಾಗ ಅವನು ಹೇಳುವ ಮೊದಲೇ ಆಚೆ ಬದಿಗೆ ಸರಿಯುವಳು.

ಹೋದ ಮಳೆಗಾಲದಲ್ಲಿ ಯಮುನೆ ತೀರಿಕೊಂಡಳು.

ಮಳೆ ನಿಂತ ಮೇಲೆ ದೇವಿದಾಸ ಗುರುಗಳ ಮುಂದೆ ಬಂದು ನಿಂತ.

“ಬಂಡಿ ಒಪ್ಪಿಸಿ ಹೋಗುತ್ತೇನೆ. ಇನ್ನು ನನ್ನಿಂದಾಗದು.”

“ಪದ್ಧತಿ ಗೊತ್ತಲ್ಲ,” ಅಂದರು ಗುರುಗಳು. “ಒಪ್ಪಿಸುವವನು ಬಂಡಿಯನ್ನು ಕರಿಬಂಡೆಯ ತನಕ ಓಡಿಸಿ, ಗಾಳಿಯಲ್ಲೇ ತಿರುಗಿಸಿ ತರಬೇಕು. ತಳ್ಳಿಕೊಂಡು ತಂದದ್ದನ್ನು ನಾನು ಮುಟ್ಟುವುದಿಲ್ಲ.”

“ಇದು ಇಬ್ಬರ ಬಂಡಿ, ಗುರುಗಳೇ.”

“ನಿನ್ನ ಬಂಡಿ, ಮಾರಾಯ. ನೀನೇ ನೋಡಿಕೋ.”

ಮೊದಲ ದಿನ ಇನ್ನೂರು ಹೆಜ್ಜೆ ಹೋಗುವಷ್ಟರಲ್ಲಿ ಬದಿಯ ಗಾಲಿ ಎದ್ದು ಬಂಡಿ ಮಗುಚಿತು. ಎರಡನೆಯ ದಿನ ಮೊಣಕೈ ತರಚಿತು. ಮೂರನೆಯ ದಿನ ಕಂಬದ ಬುಡದಲ್ಲಿ ಸೀಳು ಬಿತ್ತು. ಯಮುನೆ ತಿಂಗಳುಗಟ್ಟಲೆ ಹೆರೆದು ನುಣುಪು ಮಾಡಿದ ಕಂಬ ಅದು. ಅವನು ಸೀಳಿಗೆ ಹಗ್ಗ ಸುತ್ತಿದ. ಇನ್ನೊಮ್ಮೆ ಬಿದ್ದರೆ ಕಂಬ ಉಳಿಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

“ಗಾಳಿಯನ್ನು ಬೈದೆಯಾ?” ಗುರುಗಳು ಕೇಳಿದರು.

“ಬೈದೆ.”

“ಅದು ಏನಂದಿತು?”

ದೇವಿದಾಸ ಎದ್ದು ಹೋದ.

ಮರುದಿನ ಬೆಳಿಗ್ಗೆ ಅವನು ಮೀನು ತೂಗುವವರ ತಕ್ಕಡಿ ತಂದ. ಗೋಣಿಚೀಲಕ್ಕೆ ಒಣಮರಳು ತುಂಬಿ ತೂಗಿದ. ಒಂದು ಹಿಡಿ ಹಾಕಿದ, ಅರ್ಧ ಹಿಡಿ ತೆಗೆದ. ಐವತ್ತೆರಡು ಕಿಲೋ. ಕಾಯಿಲೆ ಬೀಳುವ ಮೊದಲು ಯಮುನೆಯ ತೂಕ ಅಷ್ಟೇ ಇತ್ತು. ಚೀಲವನ್ನೆತ್ತಿ ಅವಳು ಕೂರುತ್ತಿದ್ದಲ್ಲಿ ಕಟ್ಟಿದ.

“ಸರಿಯಾಗಿ ತೂಗಿದ್ದೀಯಾ?” ಕೇಳಿದರು ಗುರುಗಳು.

“ಗುಲಗಂಜಿಯಷ್ಟೂ ಹೆಚ್ಚುಕಡಿಮೆಯಿಲ್ಲ.”

“ಹಾಗಾದರೆ ಹೋಗಿಬನ್ನಿ,” ಅಂದರು ಅವರು, ಇಬ್ಬರಿಗೆ ಹೇಳುವ ಹಾಗೆ.

ಬಂಡಿ ಓಡಿತು. ಗಾಲಿಗಳು ಮರಳನ್ನು ಬಿಡಲಿಲ್ಲ. ನೀರಿನಂಚಿನ ಗಟ್ಟಿ ಮರಳಿನ ಮೇಲೆ ತುಂತುರು ಹಾರಿಸುತ್ತ ಓಡಿತು. ಗಾಳಿ ಒಮ್ಮೆ ಜೋರಾಗಿ ಬೀಸಿದಾಗ ದೇವಿದಾಸ “ಹಿಡಿದುಕೋ” ಅಂದುಬಿಟ್ಟ.

ಕರಿಬಂಡೆಯ ಹತ್ತಿರ ನಿಲ್ಲಿಸಿದ. ಬರುವಾಗ ಗಾಳಿ ಇನ್ನೊಂದು ಬದಿಗೆ. ಚೀಲವನ್ನು ಆಚೆಗೆ ಸರಿಸಬೇಕು. ಬಿಚ್ಚಿ ಎತ್ತಲು ನೋಡಿದ. ಬೆಳಿಗ್ಗೆ ಒಬ್ಬನೇ ಎತ್ತಿದ್ದ ಚೀಲ ಈಗ ಅಲುಗಲಿಲ್ಲ. ಆ ಬದಿಯ ಗಾಲಿ ಹೂತಿತ್ತು. ನೀರು ಏರತೊಡಗಿತ್ತು. ಕಣ್ಣು ಹಾಯುವಷ್ಟು ದೂರ ಒಂದು ನರಪಿಳ್ಳೆಯೂ ಇರಲಿಲ್ಲ.

ಅವನು ಹಾಯಿ ಇಳಿಸಿ ಬಂಡಿಯನ್ನು ಎಳೆದುಕೊಂಡು ಬಂದ. ಚೀಲವನ್ನು ಅಲ್ಲೇ ಬಿಟ್ಟು ಬರಲು ಮನಸ್ಸಾಗಲಿಲ್ಲ.

ಗುರುಗಳು ತಕ್ಕಡಿ ತೂಗುಹಾಕಿ ಕಾಯುತ್ತಿದ್ದರು.

“ತೂಗು.”

“ಬೆಳಿಗ್ಗೆಯೇ ತೂಗಿದ್ದೇನೆ.”

“ತೂಗು ಅಂದೆ.”

ಇಬ್ಬರೂ ಸೇರಿ ಎತ್ತಿದರು. ಅರುವತ್ತಮೂರು ಕಿಲೋ. ಗಾಲಿ ಹಾರಿಸಿದ ನೀರನ್ನು ಮರಳು ದಾರಿಯುದ್ದಕ್ಕೂ ಕುಡಿದಿತ್ತು.

“ಬದುಕಿದ್ದಾಗ ಅವಳು ಇಷ್ಟು ಭಾರ ಇದ್ದಳೇನೋ?”

ದೇವಿದಾಸನಿಗೆ ಮೊದಲು ನಗು ಬಂತು. “ಈ ಮಾತು ಅವಳ ಕಿವಿಗೆ ಬಿದ್ದಿದ್ದರೆ ನಿಮ್ಮನ್ನು ಸುಮ್ಮನೆ ಬಿಡುತ್ತಿರಲಿಲ್ಲ, ಗುರುಗಳೇ.”

ಆಮೇಲೆ ಅಳು ಬಂತು. ಅದು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಗುರುಗಳು ಅಲ್ಲೇ ಕೂತಿದ್ದರು.

ಮರುದಿನ ಇಳಿತದ ಹೊತ್ತಿಗೆ ಅವನು ಚೀಲವನ್ನು ನೀರಿನಂಚಿಗೆ ಎಳೆದೊಯ್ದು ಬಾಯಿ ಬಿಚ್ಚಿ ಸುರಿದ. ತಿರುಗಿ ಬಂದಾಗ ಗುರುಗಳು ಅವನ ಹಾಯಿಯನ್ನು ನೆಲದ ಮೇಲೆ ಹಾಸಿ, ಕೆಳಗಿನಿಂದ ಮೂರು ಮಡಿಕೆ ಮಡಚಿ ದಾರ ಕಟ್ಟುತ್ತಿದ್ದರು. ಅರ್ಧ ಬಟ್ಟೆಯಷ್ಟೇ ಉಳಿದಿತ್ತು.

“ಒಬ್ಬನ ಭಾರಕ್ಕೆ ಇಷ್ಟು ಸಾಕು.”

“ಇದರಲ್ಲಿ ಆಮೆಯ ಹಾಗೆ ಹೋಗಬೇಕಷ್ಟೆ. ಉಳಿದವರು ನಗುತ್ತಾರೆ.”

“ನಗಲಿ ಬಿಡು. ಆಶ್ರಮದಲ್ಲಿ ಅವರಿಗೂ ಬೇರೆ ಏನು ಮೋಜಿದೆ?”

ದೇವಿದಾಸ ಹೊರಟ. ಉಳಿದ ಶಿಷ್ಯರು ಅವನನ್ನು ದಾಟಿ ಹೋದರು, ಮರಳುವಾಗ ಎದುರಾದರು. ಕರಿಬಂಡೆಯ ಬಳಿ ತಿರುಗುವಾಗ ಅವನ ಕಣ್ಣು ತಾನಾಗಿ ಪಕ್ಕಕ್ಕೆ ಹೋಯಿತು. ಹಲಗೆಯ ಮೇಲೆ ಯಾರೂ ಸರಿಯಲಿಲ್ಲ. ಗಾಲಿ ಒಂದು ಗೇಣು ಎದ್ದಿತು, ಕಂಬ ಕಿರುಗುಟ್ಟಿತು. ಗಾಲಿ ಮತ್ತೆ ಮರಳಿಗೆ ಕೂತಿತು.

ಹೊತ್ತು ಮುಳುಗುವಾಗ ಗಾಳಿಯಲ್ಲೇ ಬಂದು ಮುಟ್ಟಿದ. ಹಾಯಿಯ ಹಗ್ಗವನ್ನು ಗುರುಗಳ ಪಾದದ ಬಳಿ ಇಟ್ಟ.

“ಪದ್ಧತಿಯಂತೆ ತಂದಿದ್ದೇನೆ. ಒಪ್ಪಿಸಿಕೊಳ್ಳಿ.”

“ಹೇಗಿತ್ತು?”

“ಪಕ್ಕ ಬರಿದು. ಹೋಗುವಾಗಲೂ ಬರಿದು, ಬರುವಾಗಲೂ ಬರಿದು.” ಹಾಯಿಯ ಕಡೆ ನೋಡಿ ಹೇಳಿದ, “ಕೊನೆಯಲ್ಲಿ ಗಾಳಿ ಇನ್ನಷ್ಟು ಇತ್ತು. ಹಿಡಿಯಲು ಬಟ್ಟೆ ಸಾಲಲಿಲ್ಲ.”

ಗುರುಗಳು ಹಗ್ಗವನ್ನು ಮುಟ್ಟಲಿಲ್ಲ. ಎದ್ದು ಹೋಗಿ ಹಾಯಿಯ ಮಡಿಕೆಗಳನ್ನು ಬೆರಳಿನಿಂದ ಒತ್ತಿ ನೋಡಿದರು.

“ನಾಳೆ ಒಂದು ಮಡಿಕೆ ಬಿಚ್ಚೋಣ,” ಅಂದರು.